ದಾರಿ ಕೇಳಬಾರದ ಆಟ

ನಮ್ಮ ಊಟದ ಮೇಜಿನ ನಟ್ಟನಡುವೆ ರೊಟ್ಟಿಯಷ್ಟಗಲದ ಒಂದು ಕರಿಯ ಹಲಗೆ ಇದೆ. ಅದರ ಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ, ಮೊಸರು ಒಂದಕ್ಕೊಂದು ಆತು ಕುಳಿತಿರುತ್ತವೆ. ಬೆರಳಿನಿಂದ ತುಸು ತಳ್ಳಿದರೆ ಸಾಕು, ಹಲಗೆ ಗಿರ್ರನೆ ತಿರುಗಿ ಬೇಕಾದ ಡಬ್ಬಿ ಬೇಕಾದವರ ಮುಂದೆ ಬಂದು ನಿಲ್ಲುತ್ತದೆ. ಬಂದವರೆಲ್ಲ ಅದನ್ನು ಮೆಚ್ಚುತ್ತಾರೆ. "ಭಾರೀ ಛಲೋ ಐತಲ್ರಿ! ಎಲ್ಲಿ ತಗೊಂಡ್ರಿ?" ಎಂದು ಕೇಳುತ್ತಾರೆ. ನನ್ನ ಹೆಂಡತಿ ಮಹಾದೇವಿ ನನ್ನ ಕಡೆ ಒಮ್ಮೆ ನೋಡಿ, "ಇವರ ಆಟದ ಸಾಮಾನ್ರಿ ಅದು" ಎಂದು ಹೇಳಿ ರೊಟ್ಟಿ ತರಲು ಒಳಗೆ ಹೋಗುತ್ತಾಳೆ. ಅಲ್ಲಿಗೆ ಒಬ್ಬ ಕ್ರೀಡಾಪಟುವಿನ ಜೀವನಚರಿತ್ರೆ ಮುಗಿಯಿತು.

ಆ ಮಾತು ಕೇಳಿದ ಅತಿಥಿಗಳು ಮೊದಲು ಹಲಗೆಯನ್ನು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿ, ಕೇರಂ ಇರಬಹುದು ಎಂದುಕೊಂಡು ಸುಮ್ಮನಾಗುತ್ತಾರೆ. ಆದ್ದರಿಂದ ನನ್ನ ಚರಿತ್ರೆಯನ್ನು ನಾನೇ ಬರೆಯಬೇಕಾಗಿ ಬಂದಿದೆ. ನಾನು ಸಕ್ರಿಯ ಕ್ರೀಡಾಜೀವನದಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ಆ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕಲಿಲ್ಲ. ಆಗ ಕಾಗದದ ಅಭಾವವಿತ್ತೆಂದು ಕಾಣುತ್ತದೆ.

ನಾನು ಆಡಿದ ಆಟದ ಹೆಸರು ಮೌಂಟನ್ ಬೈಕ್ ಓರಿಯಂಟಿಯರಿಂಗ್. ಇದನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದವನು ಅರ್ಧ ಪಂದ್ಯ ಗೆದ್ದಂತೆ. ಉಳಿದರ್ಧ ಹೀಗೆ: ನಿಮ್ಮ ಕೈಗೆ ಒಂದು ನಕ್ಷೆ ಕೊಡುತ್ತಾರೆ. ಕಾಡು, ಹೊಲ, ಹಳ್ಳಗಳ ನಡುವೆ ಅಲ್ಲಲ್ಲಿ ಕಿತ್ತಳೆ ಮತ್ತು ಬಿಳಿ ಬಟ್ಟೆಯ ಗುರುತು ನೆಟ್ಟು, ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ ಇಟ್ಟಿರುತ್ತಾರೆ. ನೀವು ಗುಡ್ಡದ ಸೈಕಲ್ ಹತ್ತಿ, ನಕ್ಷೆಯಲ್ಲಿ ಹೇಳಿದ ಕ್ರಮದಲ್ಲೇ ಅವನ್ನೆಲ್ಲ ಹುಡುಕಿ, ಕೈಗೆ ಕಟ್ಟಿದ ಎಲೆಕ್ಟ್ರಾನಿಕ್ ಚಿಪ್ಪನ್ನು ಡಬ್ಬಿಗೆ ಮುಟ್ಟಿಸಬೇಕು. ಡಬ್ಬಿ "ಟೀಂವ್" ಎನ್ನುತ್ತದೆ. ನೀವು ಮುಂದಿನದಕ್ಕೆ ಓಡುತ್ತೀರಿ. ಸೈಕಲ್ಲಿನ ಮೇಲೆ ಕೈ ಬಿಟ್ಟು ನಕ್ಷೆ ಹಿಡಿಯಲಾಗುವುದಿಲ್ಲವಲ್ಲ, ಅದಕ್ಕಾಗಿ ಹ್ಯಾಂಡಲ್ಲಿಗೆ ಒಂದು ತಿರುಗುವ ಹಲಗೆ ಕಟ್ಟಿರುತ್ತಾರೆ. ನೀವು ತಿರುಗಿದ ಹಾಗೆ ನಕ್ಷೆಯನ್ನೂ ತಿರುಗಿಸಬೇಕು. ಈಗ ಶೇಂಗಾ ಚಟ್ನಿಯನ್ನು ಹೊತ್ತಿರುವುದು ಆ ಹಲಗೆಯೇ.

ಇಷ್ಟೇ ಆಗಿದ್ದರೆ ನಾನು ಎಲ್ಲಿಯೋ ಇರುತ್ತಿದ್ದೆ. ಆದರೆ ಈ ಆಟಕ್ಕೆ ಒಂದು ಕಠಿಣ ಕಾಯ್ದೆ ಇದೆ. ದಾರಿಯಲ್ಲಿ ಯಾರನ್ನೂ ಏನನ್ನೂ ಕೇಳುವಂತಿಲ್ಲ. ಯಾರ ಸಹಾಯವನ್ನೂ ಪಡೆಯುವಂತಿಲ್ಲ. ಪಡೆದರೆ ಪಂದ್ಯದಿಂದ ರದ್ದು.

ಈ ಕಾಯ್ದೆ ಬರೆದವನು ಯಾರೋ ನನಗೆ ಗೊತ್ತಿಲ್ಲ. ಆದರೆ ಅವನು ನಮ್ಮ ಸೀಮೆಯವನಲ್ಲ ಎಂದು ಮಾತ್ರ ಪ್ರಮಾಣ ಮಾಡಿ ಹೇಳಬಲ್ಲೆ. ನಮ್ಮಲ್ಲಿ ದಾರಿ ಕೇಳುವುದು ಅಜ್ಞಾನವಲ್ಲ, ಸಂಸ್ಕಾರ. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಮದುವೆಯ ಕರೆಯೋಲೆ ಕೊಡಲು ನನ್ನನ್ನು ಶಹಾಪುರಕ್ಕೆ ಕಳಿಸುತ್ತಿದ್ದ. ಮನೆ ಎಲ್ಲಿದೆ ಎಂದರೆ, "ಅಲ್ಲಿ ಹೋಗಿ ಯಾರನ್ನ ಕೇಳಿದ್ರೂ ಹೇಳತಾರ" ಎನ್ನುತ್ತಿದ್ದ. ಅದೇ ಪೂರ್ತಿ ವಿಳಾಸ. ನಾನು ಹೋಗಿ ಯಾರನ್ನಾದರೂ ಕೇಳಿದರೆ ಅವರು ದಾರಿ ಹೇಳುವ ಮೊದಲು ನನ್ನನ್ನೇ ಕೇಳುತ್ತಿದ್ದರು: ಯಾರ ಮನೆಯವನು, ಅಜ್ಜನ ಹೆಸರೇನು, ಅವ್ವನ ತವರು ಯಾವುದು. ಅಷ್ಟರಲ್ಲಿ ಒಂದು ಬೀಗತನ ಹೊರಡುತ್ತಿತ್ತು. ಬೀಗತನ ಹೊರಟ ಮೇಲೆ ಚಾ ತಪ್ಪುತ್ತಿರಲಿಲ್ಲ. ದಾರಿ ಕೊನೆಗೆ ಬರುತ್ತಿತ್ತು, ಅದೂ ಮನೆಯವರೇ ಯಾರಾದರೂ ಜೊತೆಗೆ ಬಂದು ಮುಟ್ಟಿಸುವ ರೂಪದಲ್ಲಿ. ಹೀಗೆ ಬೆಳೆದ ದೇಹವನ್ನು ನಡುವಯಸ್ಸಿನಲ್ಲಿ ಕಾಡಿಗೆ ತಂದು ನಿಲ್ಲಿಸಿ "ಬಾಯಿ ಮುಚ್ಚಿಕೊಂಡು ದಾರಿ ಹುಡುಕು" ಎಂದರೆ ಅದು ಏನು ಮಾಡೀತು?

ಇನ್ನು ನಕ್ಷೆಯ ವಿದ್ಯೆ. ನಮ್ಮ ಸಾಲೆಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ ತೂಗುತ್ತಿತ್ತು. ಧಾರವಾಡದಿಂದ ಕೆಳಗಿನ ಭಾಗವನ್ನು ಗೆದ್ದಲು ತಿಂದಿತ್ತು. ಮಾಸ್ತರರು ಕೋಲು ಹಿಡಿದು ಖಾಲಿ ಗೋಡೆಗೆ ಬಡಿದು "ಇದು ಮೈಸೂರು" ಎನ್ನುತ್ತಿದ್ದರು. ನಾವು ಭಕ್ತಿಯಿಂದ ಸುಣ್ಣವನ್ನು ನೋಡುತ್ತಿದ್ದೆವು. ದಿಕ್ಕುಗಳಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಉತ್ತರ ಒಂದೇ, ಅದೂ ಆ ಕಡೆ ತಲೆ ಹಾಕಿ ಮಲಗಬಾರದು ಎಂದು ಅವ್ವ ಬೈಯುತ್ತಿದ್ದುದರಿಂದ. ಇಂದಿಗೂ ನಾನು ಉತ್ತರವನ್ನು ಹುಡುಕುವ ಕ್ರಮ ಬೇರೆ. ನಿಂತಲ್ಲೇ ಮನಸ್ಸಿನಲ್ಲಿ ಹಾಸಿಗೆ ಹಾಸುತ್ತೇನೆ. ಒಂದೊಂದೇ ದಿಕ್ಕಿಗೆ ತಲೆ ಇಟ್ಟು ನೋಡುತ್ತೇನೆ. ಎಲ್ಲಿ ಅವ್ವನ ಬೈಗುಳ ಕೇಳುತ್ತದೆಯೋ ಅದು ಉತ್ತರ. ದಿಕ್ಸೂಚಿಗಿಂತ ಇದು ಹೆಚ್ಚು ವಿಶ್ವಾಸಾರ್ಹ. ಆದರೆ ಸೈಕಲ್ ಮೇಲೆ ಕುಳಿತು ಹಾಸಿಗೆ ಹಾಸುವುದು ಸ್ವಲ್ಪ ತಡ.

ಇಷ್ಟೆಲ್ಲ ಅರ್ಹತೆ ಇದ್ದ ನಾನು ಈ ಆಟಕ್ಕೆ ಬಂದದ್ದು ಡಾಕ್ಟರರ ದೆಸೆಯಿಂದ. ವಿಮಾ ಕಚೇರಿಯ ಕುರ್ಚಿಯಲ್ಲಿ ಕುಳಿತು ಕುಳಿತು ನನ್ನ ರಕ್ತ ತುಪ್ಪದ ಹದಕ್ಕೆ ಬಂದಿದೆಯೆಂದೂ, ಸೈಕಲ್ ಹೊಡೆಯಬೇಕೆಂದೂ ಅವರು ಹೇಳಿದರು. ಅಂಗಡಿಯವನು ನನ್ನ ಮುಖ ನೋಡಿ ಗುಡ್ಡ ಹತ್ತುವ ಸೈಕಲ್ಲನ್ನೇ ಕೊಟ್ಟ. ಬೆಳಗಾವಿಯ ನಮ್ಮ ಹಿಂದವಾಡಿಯಲ್ಲಿ ಹತ್ತಬೇಕಾದ ಗುಡ್ಡವೆಂದರೆ ರಸ್ತೆಯ ಉಬ್ಬು. ಒಂದು ರವಿವಾರ ಅಂಥ ಒಂದು ಉಬ್ಬನ್ನು ಜಯಿಸಿ ಏದುಸಿರು ಬಿಡುತ್ತಿದ್ದಾಗ ನಿವೃತ್ತ ಸುಬೇದಾರ್ ಸಾಹೇಬರ ಕಣ್ಣಿಗೆ ಬಿದ್ದೆ. ಸೈನ್ಯದಲ್ಲಿ ಜೀವನವೆಲ್ಲ ನಕ್ಷೆ ಓದಿ, ನಿವೃತ್ತರಾದ ಮೇಲೂ ಆ ಚಟ ಬಿಡದೆ, ಊರಿನಲ್ಲಿ ಈ ಆಟದ ಒಂದು ಕೂಟ ಕಟ್ಟಿಕೊಂಡಿದ್ದ ಮನುಷ್ಯ. ಬಟ್ಟೆಯ ಗುರುತುಗಳಿಗೆ ಅವರು ಚೌಕಿ ಎನ್ನುತ್ತಿದ್ದರು, ನಮಗೆ ಜವಾನರು ಎನ್ನುತ್ತಿದ್ದರು.

"ವಿಮಾ ಸಾಹೇಬ, ನಮ್ಮ ಹಿರಿಯರ ವಿಭಾಗದಾಗ ಇಬ್ಬರ ಅದಾರ. ಮೂರನೇದವ ಇಲ್ಲ. ನೀವು ಬರ್ರಿ," ಎಂದರು.

"ನನಗ ಏನೂ ಬರೂದಿಲ್ರಿ ಸಾಹೇಬ್ರ."

"ಅವರಿಗೂ ಬರೂದಿಲ್ಲ. ಪದಕ ಮೂರ ಅದಾವ, ಮಂದಿ ಮೂರ ಆಗತೀರಿ. ಮುಗಸಿದ್ರ ಸಾಕು, ಕೊಳ್ಳಾಗ ಬೀಳತೈತಿ."

ಆ ಇಬ್ಬರಲ್ಲಿ ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಬೇಕರಿಯ ಮಾಲೀಕರು. ಸ್ಪರ್ಧಿಗಳು ಮೂವರು, ಪದಕಗಳು ಮೂರು. ಇಂಥ ವಿಭಾಗದಲ್ಲಿ ಪದಕ ಪಡೆಯುವುದು ಯಾರಿಗಾದರೂ ಸಾಧ್ಯ. ತಪ್ಪಿಸಿಕೊಳ್ಳುವುದಕ್ಕೆ ಪ್ರತಿಭೆ ಬೇಕು. ನಾನು ವರ್ಷಗಟ್ಟಲೆ ತಪ್ಪಿಸಿಕೊಂಡೆ.

ಮೊದಲನೆಯ ಪಂದ್ಯ ಕಣಕುಂಬಿಯ ಕಡೆ. ಕಾಡಿನ ಕವಲುದಾರಿಯಲ್ಲಿ ಎಮ್ಮೆ ಕಾಯುತ್ತಿದ್ದ ಒಬ್ಬ ಅಜ್ಜ ಕಂಡ. ಬಾಯಿ ತಾನಾಗಿ ತೆರೆಯಿತು. "ಅಜ್ಜಾ, ಇಲ್ಲೆಲ್ಲ್ಯರ ಬಟ್ಟಿ ಕಟ್ಟ್ಯಾರೇನು?" ಅಂದೆ. ಅಜ್ಜ ಎಮ್ಮೆಗಳನ್ನು ಬಿಟ್ಟು, ನನ್ನ ಸೈಕಲ್ಲಿನ ಸೀಟು ಹಿಡಿದುಕೊಂಡು, ಚೌಕಿಯ ತನಕ ಕರೆದುಕೊಂಡು ಹೋದ. ಚೌಕಿಯ ಹಿಂದಿನ ಮರದ ಮರೆಯಲ್ಲಿ ಸುಬೇದಾರ್ ಸಾಹೇಬರು ನಿಂತಿದ್ದರು. ಅಜ್ಜನಿಗೆ ಸೆಲ್ಯೂಟ್ ಹೊಡೆದು ನನ್ನನ್ನು ರದ್ದು ಮಾಡಿದರು.

ಇನ್ನೊಂದು ಪಂದ್ಯದಲ್ಲಿ ಯಾರನ್ನೂ ಕೇಳಬಾರದೆಂದು ಹಲ್ಲು ಕಚ್ಚಿ ಸೈಕಲ್ ಹೊಡೆದೆ. ನಕ್ಷೆ ತಲೆಕೆಳಗಾಗಿತ್ತು. ಕಾಡಿನಲ್ಲಿ ಮಾಯವಾದವನು ಬಹಳ ಹೊತ್ತಿನ ಮೇಲೆ ದೇಸೂರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಪ್ರಕಟನಾದೆ. ಪ್ಯಾಸೆಂಜರ್ ಗಾಡಿಯಲ್ಲಿ, ಸೈಕಲ್ ಸಮೇತ, ಬಾಳೆಹಣ್ಣಿನ ಬುಟ್ಟಿಗಳ ನಡುವೆ ಬೆಳಗಾವಿಗೆ ಮರಳಿದೆ. ಇತ್ತ ಸುಬೇದಾರ್ ಸಾಹೇಬರು ಟಾರ್ಚ್ ಹಿಡಿದು ನನ್ನನ್ನು ಹಳ್ಳದಲ್ಲಿ ಹುಡುಕುತ್ತಿದ್ದರು.

ಇದೆಲ್ಲವನ್ನು ಮಹಾದೇವಿ ಸಹಿಸಿದಳು. ಅವಳಿಗೆ ಸಹಿಸಲಾಗದೆ ಹೋದದ್ದು ಮೆಟ್ಟಿಲ ಕೆಳಗಿನ ಜಾಗದ ಅಪವ್ಯಯ. ಅಲ್ಲಿ ನನ್ನ ಸೈಕಲ್ ನಿಂತಿರುತ್ತಿತ್ತು. ಅವಳಿಗೆ ಅಲ್ಲಿ ಒಂದು ಹಿಟ್ಟಿನ ಗಿರಣಿ ಬೇಕಾಗಿತ್ತು.

"ಹೊರಗಿನ ಗಿರಣ್ಯಾಗ ಮುಂದಿನವರ ಕಡ್ಲಿ ಹಿಟ್ಟು ನಮ್ಮ ಜ್ವಾಳದಾಗ ಕೂಡತೈತ್ರಿ. ರೊಟ್ಟಿ ಬಡದ್ರ ಹರದ ಹೋಗತಾವ. ನಿಮ್ಮ ಸೈಕಲ್ಲು ಅಲ್ಲಿ ನಿಂತು ಏನ ಮಾಡತೈತಿ? ಧೂಳಾ ತಿಂತೈತಿ."

"ಅದು ಕ್ರೀಡಾ ಸಾಮಗ್ರಿ," ಎಂದೆ ಗಂಭೀರವಾಗಿ.

"ಒಂದ ಸಲಾನರ ಪೂರ್ತಿ ಮುಗಿಸಿ ಬರ್ರಿ. ಒಂದ ಪದಕ ತಂದು ತೋರಸ್ರಿ. ಸೈಕಲ್ಲು ಅಲ್ಲೇ ಇರಲಿ, ನಾ ಬಾಯಿ ಬಿಡೂದಿಲ್ಲ. ಈ ಸಲಾನೂ ಬರೇ ಕೈಲೆ ಬಂದ್ರ, ಸೋಮವಾರ ಗಿರಣಿ ಬರತೈತಿ. ಸೈಕಲ್ಲು ಮಾರಿ ಬಿಡೂದ."

ಒಪ್ಪಿದೆ. ಒಪ್ಪದೆ ಉಪಾಯವಿರಲಿಲ್ಲ. ಮೇಲ್ನೋಟಕ್ಕೆ ಇದು ಸೈಕಲ್ಲಿನ ಪ್ರಶ್ನೆ. ಒಳಗೆ ನೋಡಿದರೆ, ಜಗತ್ತಿನಲ್ಲಿ ನಾನು ಹುಡುಕಿಕೊಂಡು ಹೋದ ಜಾಗವನ್ನು ಒಂದು ಸಲವಾದರೂ ನಾನಾಗಿ ಮುಟ್ಟಬಲ್ಲೆನೇ ಎಂಬ ಪ್ರಶ್ನೆ. ವಿಮಾ ಕಚೇರಿಯಲ್ಲಿ ಇಂಥ ಪ್ರಶ್ನೆಗಳು ಏಳುವುದಿಲ್ಲ. ಅಲ್ಲಿ ಎಲ್ಲರೂ ನನ್ನನ್ನೇ ಹುಡುಕಿಕೊಂಡು ಬಂದು, ನಾನು ಊಟಕ್ಕೆ ಹೋಗಿದ್ದೇನೆಂದು ತಿಳಿದು ಮರಳುತ್ತಾರೆ.

ಆ ನಿರ್ಣಾಯಕ ಪಂದ್ಯ ನಡೆದದ್ದು ಖಾನಾಪುರದ ಕಡೆ. ಎಲ್ಲಿ ಎಂಬುದನ್ನು ಸುಬೇದಾರ್ ಸಾಹೇಬರು ಕೊನೆಯ ಗಳಿಗೆಯ ತನಕ ಬಿಟ್ಟುಕೊಡಲಿಲ್ಲ. ಬಿಳಿ ಗೆರೆಯ ಹಿಂದೆ ನಿಲ್ಲಿಸಿ ನಕ್ಷೆ ಕೈಗಿತ್ತರು. ಹಲಗೆಗೆ ಸಿಕ್ಕಿಸಿ ನೋಡಿದೆ, ತಿರುಗಿಸಿ ಮತ್ತೊಮ್ಮೆ ನೋಡಿದೆ. ಕೊನೆಯಿಂದ ಎರಡನೆಯ ಚೌಕಿ ಒಂದು ಹಳ್ಳಿಯ ಬಾವಿಯ ಹತ್ತಿರವಿತ್ತು. ಆ ಹಳ್ಳಿ ಮಹಾದೇವಿಯ ತವರು. ನಾವು ಬರುವ ಕಡೆಯಿಂದ ಆ ಬಾವಿಗೆ ಹೋಗುವ ಏಕೈಕ ದಾರಿ ನನ್ನ ಅತ್ತೆ-ಮಾವಂದಿರ ಮನೆಯ ಕಟ್ಟೆಗೆ ಹೆಗಲು ಉಜ್ಜಿಕೊಂಡು ಹೋಗುತ್ತದೆ.

ನೀವು ನಮ್ಮ ಕಡೆಯವರಾದರೆ ನನ್ನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಅಲ್ಲದಿದ್ದರೆ ಕೇಳಿ. ಅಳಿಯನಾದವನು ಮಾವನ ಮನೆಯ ಮುಂದೆ ಮಾತಾಡಿಸದೆ ಹಾದುಹೋಗುವುದಿಲ್ಲ. ಹಾದುಹೋದರೆ ಅದಕ್ಕೆ ಊರಿನಲ್ಲಿ ಒಂದೇ ಅರ್ಥ: ಗಂಡ-ಹೆಂಡಿರಲ್ಲಿ ಜಗಳ ವಿಕೋಪಕ್ಕೆ ಹೋಗಿದೆ. ಬೇರೆ ಅರ್ಥವಿಲ್ಲ. ಅಳಿಯ ಅವಸರದಲ್ಲಿ ಇರಬಹುದು ಎಂಬ ಸಾಧ್ಯತೆಯನ್ನು ಆ ಊರು ಎಂದೂ ಪರಿಶೀಲಿಸಿಲ್ಲ.

ಆದರೆ ನಾನು ಅಂದು ಬರೀ ಅಳಿಯನಾಗಿರಲಿಲ್ಲ, ಕ್ರೀಡಾಪಟುವಾಗಿದ್ದೆ. ಹೆಲ್ಮೆಟ್ ಇತ್ತು, ಕರಿ ಕನ್ನಡಕವಿತ್ತು, ಮೈಗೆ ಅಂಟಿದ ಹಳದಿ ಅಂಗಿ ಇತ್ತು. ನನ್ನನ್ನು ಹೆತ್ತವ್ವನೂ ಗುರುತಿಸುವಂತಿರಲಿಲ್ಲ. ತಲೆ ತಗ್ಗಿಸಿ ಒಂದೇ ಉಸಿರಿಗೆ ದಾಟಿಬಿಡುವುದೆಂದು ನಿರ್ಧರಿಸಿದೆ. ಆ ದಿನ ಯಾಕೋ ಎಲ್ಲವೂ ಸರಿಯಾಗಿ ನಡೆದಿತ್ತು. ಹಾಸಿಗೆ ಹಾಸಿದಲ್ಲೆಲ್ಲ ಉತ್ತರ ಸಿಕ್ಕಿತ್ತು. ಚೌಕಿಗಳು ಒಂದೊಂದಾಗಿ "ಟೀಂವ್" ಎಂದಿದ್ದವು. ಡಾಕ್ಟರೂ ಬೇಕರಿಯವರೂ ನನ್ನ ಹಿಂದೆಯೇ ಇದ್ದರು. ಊರ ಓಣಿಗೆ ಬಂದೆ. ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತಿದಳು.

"ಅಯ್ಯ! ಮಾದೇವಿ ಗಂಡ ಅಲ್ಲೇನಬೇ ಅಂವಾ?"

"ಯಾರ? ಆ ಟೊಪಗಿ ಹಾಕ್ಕೊಂಡಾವಾ?" ಒಳಗಿನಿಂದ ಇನ್ನೊಂದು ದನಿ.

"ಹೌದಬೇ. ಸೈಕಲ್ ಮ್ಯಾಲೆ ಕುಂತಿದ್ದ ನೋಡು, ಗೋಣಿಚೀಲಾ ಹೇರಿದಾಂಗ. ಅವನ."

ನಾನು ಕಿವಿ ಕೇಳಿಸದವನಂತೆ, ಮುಂದಿನ ಗಾಲಿಯನ್ನಷ್ಟೇ ನೋಡುತ್ತ, ಮಾವನ ಕಟ್ಟೆಯನ್ನೂ ದಾಟಿ ಪೆಡಲ್ ತುಳಿದೆ. ಬೆನ್ನ ಹಿಂದೆ "ಮಾತಾಡಸಲಾರದ ಹೊಂಟ ನೋಡವಾ" ಎಂಬ ಉದ್ಗಾರ ಕೇಳಿತು. ಬಾವಿಗೆ ಬಂದು ಇಳಿದೆ.

ಬಾವಿ ಇತ್ತು. ಚೌಕಿ ಇರಲಿಲ್ಲ.

ಕಟ್ಟೆಯ ಸುತ್ತ ನೋಡಿದೆ, ಹುಣಸೆಮರದ ಹಿಂದೆ ನೋಡಿದೆ. ನಕ್ಷೆಯನ್ನು ತಿರುಗಿಸಿದೆ, ನಾನೂ ತಿರುಗಿದೆ. ಅಷ್ಟರಲ್ಲಿ ನಕ್ಷೆಯಿಂದ ಕಣ್ಣು ಕೀಳದೆ ಡಾಕ್ಟರು ಬಂದರು, ಬೇಕರಿಯವರು ಬಂದರು. ಮೂವರೂ ಬಾವಿಯ ಸುತ್ತ ಪ್ರದಕ್ಷಿಣೆ ಹಾಕತೊಡಗಿದೆವು. ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಡಾಕ್ಟರು ಬಾಯಿ ತೆರೆಸುವ ವೃತ್ತಿಯವರು, ತಮ್ಮದನ್ನು ಬಿಗಿಯಾಗಿ ಮುಚ್ಚಿಕೊಂಡು ಬಾವಿಯೊಳಕ್ಕೂ ಒಮ್ಮೆ ಇಣುಕಿದರು. ನೀರು ತರಲು ಬಂದ ಹೆಂಗಸರು ಕೊಡ ಇಟ್ಟುಕೊಂಡು ನಿಂತು ನಮ್ಮನ್ನು ನೋಡಿದರು. "ಏನ ಕಳಕೊಂಡೀರಿ ಯಪ್ಪಾ?" ಎಂದು ಒಬ್ಬಳು ಕೇಳಿದಳು. ಮೂವರು ವಿದ್ಯಾವಂತರು ಮೂಕರಂತೆ ತಲೆ ಅಲ್ಲಾಡಿಸಿದೆವು.

ನಾನು ಬಾವಿಕಟ್ಟೆಯ ಮೇಲೆ ಕುಳಿತೆ. ಹುಡುಕಿದರೆ ಸಿಗುತ್ತದೆ, ಇಲ್ಲೇ ಎಲ್ಲೋ ಇರಬೇಕು, ಇದೊಂದು ಮತ್ತು ಇನ್ನೊಂದು, ಅಷ್ಟೇ ಉಳಿದದ್ದು. ಆದರೆ ಆ "ಮಾತಾಡಸಲಾರದ ಹೊಂಟ" ಎಂಬ ಮಾತು ನನಗಿಂತ ಮೊದಲೇ ಅತ್ತೆಯ ಮನೆ ಮುಟ್ಟಿರುತ್ತದೆ. ನನ್ನ ಅತ್ತೆ ಚಿಂತೆಯನ್ನು ಬಾಯಲ್ಲಿ ಹೇಳುವವರಲ್ಲ. ಒಲೆಯ ಮುಂದಿನಿಂದ ಎದ್ದು ಬಂದು ಕಂಬಕ್ಕೆ ಒರಗಿ ಕೂತುಬಿಡುತ್ತಾರೆ, ಅಂದು ಊಟ ಮಾಡುವುದಿಲ್ಲ. ಆ ಕಂಬ, ಆ ಕೂತ ಭಂಗಿ ಎರಡೂ ನನ್ನ ಕಣ್ಣ ಮುಂದೆ ಬಂದವು. ಸ್ವಲ್ಪ ಹೊತ್ತು ನಕ್ಷೆಯನ್ನು ನೋಡಿದೆ. ಅದರಲ್ಲಿ ಕಂಬ ಇರಲಿಲ್ಲ. ಸೈಕಲ್ ತಿರುಗಿಸಿದೆ. ಸೋಮವಾರ ಗಿರಣಿ ಬರಲಿ.

ಮನೆಯ ಮುಂದೆ ಬಂದು ಇಳಿದವನು ಹಾಗೆಯೇ ನಿಂತೆ. ಕಟ್ಟೆಯ ಮೇಲೆ, ನೆರಳಿನಲ್ಲಿ, ತೊಳೆದ ಮಣೆಯ ಮೇಲೆ, ಕಿತ್ತಳೆ ಮತ್ತು ಬಿಳಿ ಬಟ್ಟೆಯ ನಮ್ಮ ಚೌಕಿ ಮದುಮಗನಂತೆ ವಿರಾಜಮಾನವಾಗಿತ್ತು. ಪಕ್ಕದಲ್ಲಿ ಡಬ್ಬಿ. ಅದರ ಪಕ್ಕದಲ್ಲಿ ಚಾದ ಕಿಟ್ಲಿ, ಬೋರಲು ಹಾಕಿದ ಕಪ್ಪುಗಳ ಸಾಲು. ಅತ್ತೆ ಬೀಸಣಿಕೆ ಹಿಡಿದು ಕಾವಲು ಕೂತಿದ್ದರು.

"ಬಂದ್ರ್ಯಾ? ಬರ್ರಿ, ಬರ್ರಿ. ನಾ ಚಾ ಕಾಸಾಕ ಒಳಗ ಹೋದಾಗ ನೀವು ಮುಂದ ಹೋದ್ರಿ ಅಂತ ಮಂದಿ ಅಂದ್ರು. ನಾ ಅಂದೆ, ನಮ್ಮ ಅಳಿಯಾರು ಹಂಗ ಹೋಗವ್ರಲ್ಲ, ಹಾದಿ ತಪ್ಪಿರಬೇಕು ಅಂತ."

"ಅತ್ತೀ, ಇದು... ಇದು ಇಲ್ಲಿಗೆ ಹೆಂಗ ಬಂತ್ರಿ?"

"ಮುಂಜಾನಿ ಹುಡುಗ್ರು ಬಂದು ಬಾವಿ ಮಗ್ಗಲದಾಗ ನಟ್ಟು ಹೋದ್ರು. ಏನೋ ಅದು ಅಂತ ಕೇಳಿದ್ರ, ಸೈಕಲ್ ಮ್ಯಾಲೆ ದೊಡ್ಡ ದೊಡ್ಡ ಮಂದಿ ಬರತಾರ, ಇದನ್ನ ಮುಟ್ಟಿ ಹೋಗತಾರ ಅಂದ್ರು. ಏನ ಬಿಸಲರಿ ಅಲ್ಲಿ! ದೂರಿಂದ ಬಂದವ್ರನ್ನ ಬಿಸಲಾಗ ನಿಂದರಸೂದು ಊರಿಗೆ ಶೋಭಾ ಅಲ್ಲ. ಎತ್ಗೊಂಡ ಬಂದು ನೆಳ್ಳಾಗ ಇಟ್ನಿ. ಕುಂತು, ಚಾ ಕುಡದು, ಆರಾಮ ಮುಟ್ಟಿ ಹೋಗಲಿ ಅಂತ." ಅತ್ತೆಯ ಮುಖ ಸಣ್ಣದಾಯಿತು. "ಆದ್ರ ನೋಡ್ರಿ, ಮುಂಜಾನಿಂದ ಕಿಟ್ಲಿ ಇಟಗೊಂಡ ಕುಂತೀನಿ. ಒಬ್ಬರೂ ಬರಲಿಲ್ಲ."

ನಾನು ಚಿಪ್ಪನ್ನು ಡಬ್ಬಿಗೆ ಮುಟ್ಟಿಸಿದೆ. "ಟೀಂವ್" ಎಂದಿತು. ಅತ್ತೆಗೆ ಜೀವ ಬಂತು. ಸೊಸೆಯನ್ನು ಕೂಗಿ, "ಅಳಿಯಾರು ಬಂದಾರ, ಶಿರಾ ಮಾಡವಾ" ಎಂದರು.

ಓಡಬಹುದಿತ್ತು. ಆದರೆ ಮಾವನವರು ಲಿಂಗಪೂಜೆಗೆ ಕುಳಿತಿದ್ದರು. ಅವರು ಎದ್ದು ಬರುವ ತನಕ ಹೇಳದೆ ಹೊರಡುವುದು ಸಲ್ಲದು. ಅವರ ಪೂಜೆ ಅವಸರದ್ದಲ್ಲ. ಅಷ್ಟರಲ್ಲಿ ನಾನು ಶಿರಾ ತಿಂದೆ, ಅವಲಕ್ಕಿ ತಿಂದೆ, ಚಾ ಕುಡಿದೆ, ಬಾರದ ಸ್ಪರ್ಧಿಗಳ ಪಾಲಿನ ಚಾವನ್ನೂ ಕುಡಿದೆ. ಮಾವನವರು ಹಣೆಯ ತುಂಬ ವಿಭೂತಿ ಧರಿಸಿ ಹೊರಗೆ ಬಂದರು. "ಹೋಗಿ ಬರತೀನ್ರಿ ಮಾವಾರ" ಎಂದೆ. "ತಡೀರಿ, ಅಗಸಿ ತನಕಾ ಬರತೀನಿ" ಎಂದು ಕೋಲು ಹುಡುಕಿದರು.

ಊರಬಾಗಿಲಿಗೆ ನಮ್ಮಲ್ಲಿ ಅಗಸಿ ಎನ್ನುತ್ತೇವೆ. ಬಂದವರನ್ನು ಅಲ್ಲಿಯ ತನಕ ಹೋಗಿ ಕಳಿಸಿಕೊಡದಿದ್ದರೆ ಬಂದದ್ದು ಬಂದಂತೆಯೇ ಅಲ್ಲ. ಮಾವನವರ ಮೊಣಕಾಲು ಆಗಲೇ ಸವೆದಿತ್ತು. ಅವರು ಒಂದು ಹೆಜ್ಜೆ ಇಟ್ಟು, ಕೋಲೂರಿ, ನಿಂತು, ಈ ವರ್ಷದ ಭತ್ತದ ಬಗ್ಗೆ ಒಂದು ಮಾತು ಹೇಳಿ, ಇನ್ನೊಂದು ಹೆಜ್ಜೆ ಇಡುತ್ತಿದ್ದರು. ಹಿರಿಯರು ನಡೆಯುತ್ತಿರುವಾಗ ಅಳಿಯ ಸೈಕಲ್ ಹತ್ತುವಂತಿಲ್ಲ. ಹಳದಿ ಅಂಗಿ, ಕರಿ ಕನ್ನಡಕ, ಹೆಲ್ಮೆಟ್ ಧರಿಸಿ, ಪಂದ್ಯದ ನಟ್ಟನಡುವೆ, ಗುಡ್ಡದ ಸೈಕಲ್ಲನ್ನು ಕೈಯಲ್ಲಿ ನಡೆಸಿಕೊಂಡು ಭತ್ತದ ವಿಚಾರ ಕೇಳುತ್ತ ನಡೆದೆ. ವಿಶ್ವದ ಕ್ರೀಡಾ ಇತಿಹಾಸದಲ್ಲಿ ಇಷ್ಟು ನಿಧಾನದ ಓಟ ದಾಖಲಾಗಿರಲಾರದು.

ಅಗಸಿಯಲ್ಲಿ ನಿಂತು ಅವರು, "ಈಗ ಯಾವ ಕಡೆ ಹೊಂಟ್ರಿ?" ಎಂದರು.

"ಕೆರಿ ಕಡೆ ಹೋಗಬೇಕ್ರಿ."

"ಹಂಗಾದ್ರ ಈ ಹಾದಿ ಬ್ಯಾಡ. ಕೆಸರೈತಿ. ಹಿಂಗ ಹೊಳಿ ದಂಡಿ ಹಿಡದು ಹೋಗ್ರಿ, ಸೀದಾ ಕೆರಿ ಏರಿ ಮ್ಯಾಲೆ ಏಳತೀರಿ." ಕೋಲೆತ್ತಿ ತೋರಿಸಿದರು.

ಕಿವಿ ಮುಚ್ಚಿಕೊಳ್ಳಬೇಕಿತ್ತೇ? ಕೇಳಿದ್ದು ನಾನಲ್ಲ, ಅವರು. ಹೊಳೆಯ ದಂಡೆ ಹಿಡಿದೆ. ಕೆರೆಯ ಏರಿಯ ಮೇಲೆ ಎದ್ದೆ. ಅಲ್ಲಿ ಕೊನೆಯ ಚೌಕಿ ಇತ್ತು. "ಟೀಂವ್."

ಮುಕ್ತಾಯದ ಗೆರೆ ದಾಟಿದಾಗ ಅಲ್ಲಿ ನಮ್ಮ ವಿಭಾಗದವರು ಯಾರೂ ಇರಲಿಲ್ಲ. ಎಂದಿನಂತೆ ಎಲ್ಲರೂ ಮುಗಿಸಿ ಮನೆಗೆ ಹೋಗಿದ್ದಾರೆಂದುಕೊಂಡೆ. ಸುಬೇದಾರ್ ಸಾಹೇಬರು ನನ್ನ ಚಿಪ್ಪನ್ನು ಯಂತ್ರಕ್ಕೆ ಹಾಕಿ ನೋಡಿದರು, ಒರೆಸಿ ಮತ್ತೆ ಹಾಕಿದರು. "ಅರೇ ದೇವಾ! ವಿಮಾ ಸಾಹೇಬ, ನೀವು ಮೊದಲನೇದವರು!" ಡಾಕ್ಟರೂ ಬೇಕರಿಯವರೂ ಇನ್ನೂ ಬಾವಿಯ ಸುತ್ತಲೇ ಇದ್ದರು, ಯಾರನ್ನೂ ಕೇಳದೆ, ಕಾಯ್ದೆಗೆ ಬದ್ಧರಾಗಿ. ಬಹಳ ಹೊತ್ತಿನ ಮೇಲೆ ಆ ಚೌಕಿಯ ಆಸೆ ಬಿಟ್ಟು ಬಂದು ಮುಟ್ಟಿದರು, ದೂರು ಕೊಟ್ಟರು.

ನಾನು ನಡೆದದ್ದನ್ನು ಹೇಳಿದೆ. ಸುಬೇದಾರ್ ಸಾಹೇಬರು ಚೌಕಿಯನ್ನು ತರಲು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಅದೇ ಊರಿಗೆ ಹೊರಟರು. ದಾರಿಯುದ್ದಕ್ಕೂ ಅವರ ಮೀಸೆ ಕುದಿಯುತ್ತಿತ್ತು. ಕಟ್ಟೆ ಹತ್ತುವಷ್ಟರಲ್ಲಿ ಅತ್ತೆ ಚಾದ ಕಪ್ಪನ್ನೂ ಬಸಿ ಎಂಬ ಸಾಸರನ್ನೂ ಕೈಗಿಟ್ಟರು. "ಕುಂದರ್ರಿ. ನೀವರ ಬಂದ್ರೆಲ್ಲಾ, ಪುಣ್ಯಾ ಬಂತು." ಅವರು ಕುಳಿತರು. ಎರಡು ಗುಟುಕಿಗೆ ಮೀಸೆ ತಣ್ಣಗಾಯಿತು.

"ಆಯಿ, ಇನ್ನ ಮ್ಯಾಲೆ ಹಿಂಗ ಎತ್ತಬ್ಯಾಡ್ರಿ," ಎಂದು ಮೆತ್ತಗೆ ಹೇಳಿ, ನನ್ನ ಕಡೆ ತಿರುಗಿ, "ಚೌಕಿ ಸರದೈತಿ ಅಂದಮ್ಯಾಲೆ ಅದನ್ನ ಎಲ್ಲಾರಿಗೂ ಲೆಕ್ಕದಾಗಿಂದ ಬಿಟ್ಟ ಬಿಡೂಣು. ಚಾ ಕುಡದದ್ದು ಸಹಾಯ ಅಲ್ಲ, ನಾನೂ ಕುಡೀಲಾಕತ್ತೀನಿ. ಅಂದ್ರ ಮೊದಲನೇದು ನಿಮ್ಮದ," ಎಂದರು.

ಒಂದು ಗಳಿಗೆ ನಾನು ಚಿನ್ನದ ಪದಕ ಧರಿಸಿದ್ದೆ. ಆ ಗಳಿಗೆಯಲ್ಲಿ ಮಾವನವರು ಕೋಲಿನ ಮೇಲೆ ಗದ್ದ ಊರಿ ಮಾತಿಗಿಳಿದರು.

"ಮೊದಲನೇದ ಬರಲೇಬೇಕಲ್ರಿ ಸಾಹೇಬ್ರ. ನಮ್ಮ ಅಳಿಯಾರಿಗೆ ಹಾದಿ ತಿಳಿಯೂದು ಕಮ್ಮಿ. ಆ ಕೆಸರ ಹಾದಿಗೆ ಹೊಂಟಿದ್ರು. ನಾನ ಅಗಸಿ ತನಕಾ ಹೋಗಿ, ಹೊಳಿ ದಂಡಿ ಹಾದಿ ತೋರಿಸಿ ಕಳಿಸಿದ್ನಿ."

ಸುಬೇದಾರ್ ಸಾಹೇಬರ ಬಸಿ ತುಟಿಯ ಹತ್ತಿರ ನಿಂತುಬಿಟ್ಟಿತು. ಅವರು ನನ್ನನ್ನು ನೋಡಿದರು. ನಾನು ಮಣೆಯನ್ನು ನೋಡಿದೆ.

"ಹಂಗಾರ ನಮ್ಮ ಅಳಿಯಾರು ಗೆದ್ದಾಂಗ ಆತೇನ್ರಿ?" ಎಂದು ಅತ್ತೆ ಕೇಳಿದರು.

ಸೈನ್ಯದಲ್ಲಿ ಸುಳ್ಳು ಹೇಳದ ಮನುಷ್ಯ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಬೆವರಿದರು. "ಆಯಿ," ಎಂದರು ಕೊನೆಗೆ, "ಎಲ್ಲಾರಕಿಂತ ಮೊದಲ ಬಂದವರು ಇವರ. ಅದು ಖರೇ." ಬಸಿ ಖಾಲಿ ಮಾಡಿ ಎದ್ದರು. ಜೀಪಿನ ಹತ್ತಿರ ಬಂದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಕಾಯ್ದೆ ಅಂದ್ರ ಕಾಯ್ದೆ, ವಿಮಾ ಸಾಹೇಬ," ಎಂದರು. ಚಿನ್ನ ಡಾಕ್ಟರರಿಗೆ ಹೋಯಿತು, ಬೆಳ್ಳಿ ಬೇಕರಿಯವರಿಗೆ. ಕಂಚು ಯಾರ ಕೊರಳಿಗೂ ಬೀಳದೆ ಡಬ್ಬಿಯಲ್ಲೇ ಉಳಿಯಿತು.

ಸಂಜೆ ಮನೆಗೆ ಬಂದು ಸೈಕಲ್ಲನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿದೆ, ಕೊನೆಯ ಸಲವೆಂಬಂತೆ.

"ಏನಾತ್ರಿ?"

"ರದ್ದಾತು."

"ಈ ಸಲಾ ಯಾರನ್ನ ಕೇಳಿದ್ರಿ?"

"ಯಾರನ್ನೂ ಕೇಳಲಿಲ್ಲ. ನಿಮ್ಮಪ್ಪ ಅಗಸಿ ತನಕಾ ಕಳಸಾಕ ಬಂದಿದ್ರು. ಹಾದಿ ತೋರಿಸಿದ್ರು."

ಮಹಾದೇವಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಕೈ ನಿಂತಿತು. "ಪಂದ್ಯಾ ಬಿಟ್ಟು ಮನಿಗೆ ಹೋಗಿದ್ರ್ಯಾ?"

"ಹೋಗಿದ್ದೆ."

"ಅವ್ವ ಉಂಡಿದ್ಲಾ?"

"ನನ್ನ ಮುಂದನ ಶಿರಾ ತಿಂದ್ರು."

ಅವಳು ಮತ್ತೆ ಬಟ್ಟೆ ಮಡಿಸತೊಡಗಿದಳು. ಸೋಮವಾರ ಗಿರಣಿ ಬಂತು. ತಂದವರು ಮೆಟ್ಟಿಲ ಕಡೆ ಹೊರಟಾಗ, "ಅಲ್ಲಿ ಬ್ಯಾಡ್ರಿ, ಅಲ್ಲಿ ಸೈಕಲ್ಲು ನಿಲ್ಲತೈತಿ. ಹಿತ್ತಲ ಬಾಗಲದ ಬಾಜೂಕ ಇಡ್ರಿ" ಎಂದಳು. ನಾನು ಪೇಪರಿನ ಹಿಂದೆ ಇದ್ದೆ, ಕೇಳಿಸಿಕೊಳ್ಳದವನಂತೆ. ಮುಂದಿನ ಪಂದ್ಯಕ್ಕೆ ನಾನು ಹೋಗಲಿಲ್ಲ. ಎಲ್ಲರಿಗಿಂತ ಮೊದಲು ಬಂದವನು ಮರ್ಯಾದೆಯಿಂದ ನಿವೃತ್ತನಾಗುವುದು ಒಳ್ಳೆಯದು. ಸೈಕಲ್ಲಿಗೆ ಕಾಯಿಪಲ್ಲೆಯ ಬುಟ್ಟಿ ಕಟ್ಟಲು ಜಾಗ ಬೇಕೆಂದು ಮಹಾದೇವಿಯೇ ಹಲಗೆಯನ್ನು ಬಿಚ್ಚಿಸಿ ಮೇಜಿಗೆ ತಂದಿಟ್ಟಳು.

ಮೊನ್ನೆ ಮಾವನವರು ಬಂದಿದ್ದರು. ಪಕ್ಕದ ಮನೆಯವರನ್ನೂ ಊಟಕ್ಕೆ ಕರೆದಿದ್ದೆವು. ಅವರೂ ಎಲ್ಲರಂತೆ ಹಲಗೆಯನ್ನು ಒಮ್ಮೆ ತಿರುಗಿಸಿ, "ಇದನ್ನ ಎಲ್ಲಿ ತಗೊಂಡ್ರಿ?" ಎಂದರು. ಮಹಾದೇವಿ ಬಾಯಿ ತೆರೆಯುವ ಮೊದಲೇ ಮಾವನವರು ರೊಟ್ಟಿ ಕೆಳಗಿಟ್ಟರು.

"ಅದು ನಮ್ಮ ಅಳಿಯಾರ ಪಂದ್ಯದ ಹಲಗಿ. ಕಾಡನ್ಯಾಗ ಸೈಕಲ್ ಹೊಡದು ಎಲ್ಲಾರಕಿಂತ ಮೊದಲ ಬಂದವ್ರು ಇವರು. ಸುಬೇದಾರ್ ಸಾಹೇಬ್ರು ನಮ್ಮ ಕಟ್ಟಿ ಮ್ಯಾಲೆ ಕುಂತು ಹೇಳ್ಯಾರ."

"ಹೌದ್ರ್ಯಾ? ಕಾಡನ್ಯಾಗ ಹಾದಿ ಹೆಂಗ ಸಿಕ್ತ್ರಿ ನಿಮಗ?" ಎಂದು ಪಕ್ಕದ ಮನೆಯವರು ನನ್ನನ್ನು ಕೇಳಿದರು.

"ನಾ ಇದ್ನೆಲ್ಲಾ!" ಎಂದರು ಮಾವನವರು. "ಅಗಸಿ ತನಕಾ ಹೋಗಿ ತೋರಿಸಿದ್ನಿ."

ಎಲ್ಲರೂ ನನ್ನತ್ತ ನೋಡಿದರು. ಮಹಾದೇವಿಯೂ ನೋಡಿದಳು.

"ಹೌದ್ರಿ," ಎಂದೆ. "ಮಾವಾರು ಬರಲಾರದಿದ್ರ ನಾ ಮುಟ್ಟತಿದ್ದಿಲ್ಲ."

ಮಹಾದೇವಿ ಕೈ ಚಾಚಿದಳು. ಹಲಗೆಯನ್ನು ಬೆರಳಿನಿಂದ ತುಸು ತಳ್ಳಿದಳು. ನಾನು ಕೇಳದೆಯೇ ಶೇಂಗಾ ಚಟ್ನಿ ನನ್ನ ಮುಂದೆ ಬಂದು ನಿಂತಿತು.